ಹಳದಿ ಡಿಸ್ಕ್ ಹುಡುಕಿದ ಮಧ್ಯಾಹ್ನ

ಚಳಿಗಾಲದಲ್ಲಿ ಸ್ಕೀ ಆಡುವವರನ್ನು ತಂತಿಗೆ ತೂಗುಬಿಟ್ಟ ಕುರ್ಚಿ ಲಿಫ್ಟಿಗೆ ಹತ್ತಿಸಿ ಹತ್ತಿಸಿ ವರ್ನಾಳ ತೋಳು ಸೋತುಹೋಗುತ್ತಿತ್ತು. ಹಿಮ ಕರಗಿದ ಮೇಲೆ ಅದೇ ಲಿಫ್ಟು ಸೈಕಲ್ಲಿನವರನ್ನೂ, ಹಕಲ್‌ಬೆರಿ ಹಣ್ಣು ಕೀಳಲು ಹೊರಟವರನ್ನೂ, ಡಿಸ್ಕ್ ಗಾಲ್ಫ್ ಆಡುವವರನ್ನೂ ಹೊತ್ತುಕೊಂಡು ಆತುರವಿಲ್ಲದೆ ಸ್ಟಾರ್ಕ್ ಬೆಟ್ಟ ಹತ್ತುತ್ತಿತ್ತು. ಸ್ಕೀ ಜಾರುವ ಇಳಿಜಾರುಗಳಲ್ಲಿ ಈಗ ಮೊಣಕಾಲುದ್ದ ಹುಲ್ಲು, ನಡುನಡುವೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿಗಳು. ತುದಿಯಿಂದ ದುಂಡನೆಯ ಪ್ಲಾಸ್ಟಿಕ್ ಡಿಸ್ಕ್ ಎಸೆಯುತ್ತ ಬುಟ್ಟಿಯಿಂದ ಬುಟ್ಟಿಗೆ ಇಳಿದು ಬಂದರೆ, ಕೊನೆಯದು ಕಾರು ನಿಲ್ಲಿಸುವ ಬಯಲಿನ ಪಕ್ಕದಲ್ಲಿ ಸಿಗುತ್ತದೆ.

ಪ್ರತಿ ಆಗಸ್ಟಿನಲ್ಲೂ ಒಂದು ದಿನ ಅವಳು ರಜೆ ಹಾಕುತ್ತಿದ್ದಳು. ಆ ದಿನ ಡೆಲ್ ಬರುತ್ತಿದ್ದ.

ಡೆಲ್ ಹಿಂದೆ ಅವಳ ಗಂಡನಾಗಿದ್ದವನು. ಅವರು ಕಿತ್ತಾಡಿಕೊಂಡು ಬಿಟ್ಟವರಲ್ಲ. ರಾತ್ರಿಯಿಡೀ ಹಿಮ ಹದ ಮಾಡುವ ಯಂತ್ರ ಓಡಿಸಿ ಅವನಿಗೆ ಬೆನ್ನೂ ಹೋಗಿತ್ತು, ಮೊಂಟಾನಾದ ಚಳಿಯೂ ಸಾಕಾಗಿತ್ತು. ಆರೆಗಾನ್ ಕಡಲತೀರದಲ್ಲಿ ದೋಣಿ ರಿಪೇರಿಯ ಕೆಲಸ ಸಿಕ್ಕಾಗ, ಬಾ ಹೋಗೋಣ ಎಂದು ಕರೆದ. ಇಲ್ಲೇ ಇರು ಎಂದು ಅವಳು ಕೇಳಿಕೊಂಡಳು. ಇನ್ನೊಂದು ಸಲ ಕೇಳಿದ್ದರೆ ಇಬ್ಬರಲ್ಲಿ ಯಾರಾದರೂ ಒಪ್ಪುತ್ತಿದ್ದರೋ ಏನೋ. ಯಾರೂ ಕೇಳಲಿಲ್ಲ. ಕಾಗದಪತ್ರಗಳಿಗೆ ಸಹಿ ಬಿತ್ತು, ಮನೆ ಅವಳಿಗೆ ಉಳಿಯಿತು, ವರ್ಷಕ್ಕೊಂದು ಸುತ್ತು ಆಟ ಇಬ್ಬರಿಗೂ ಉಳಿಯಿತು.

ಆ ಒಂದು ದಿನದ ಸುತ್ತ ಅವಳ ಉಳಿದ ವರ್ಷವೆಲ್ಲ ಗಿರಕಿ ಹೊಡೆಯುತ್ತಿತ್ತು. ಅವನು ಹೊರಟುಹೋದ ಸಂಜೆಯೇ ಮುಂದಿನ ಆಗಸ್ಟಿಗೆ ಕಾಯಲು ಶುರು. ಬೇಸರವಾದಾಗ ಕಡಲಿನ ಹವೆ ಹೇಗಿದೆ ಎಂದು ಫೋನಿನಲ್ಲಿ ನೋಡುತ್ತಿದ್ದಳು. ಅಲ್ಲಿ ಮಳೆಯಿದ್ದರೆ, ಜಾಕೆಟ್ ಹಾಕಿಕೊಂಡನೋ ಇಲ್ಲವೋ ಎಂದು ಇಲ್ಲಿ ಕೂತು ಯೋಚಿಸುತ್ತಿದ್ದಳು. ಈ ಸಲ ಮಾತ್ರ ನಾಚಿಕೆ ಬಿಟ್ಟು ಕೇಳಿಯೇಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದಳು. ಅವನು ವಾಪಸು ಬರದಿದ್ದರೆ ಪರವಾಗಿಲ್ಲ, ತಾನೇ ಹೋಗಲು ಸಿದ್ಧ. ಬೆಟ್ಟವಿಲ್ಲದೆ ಬದುಕುವುದು ಹೇಗೆಂದು ಅಲ್ಲಿಗೆ ಹೋದ ಮೇಲೆ ಕಲಿತರಾಯಿತು.

ಲಿಫ್ಟಿನಲ್ಲಿ ಪಕ್ಕದಲ್ಲಿ ಕೂತ ಡೆಲ್ ಎಂದಿಗಿಂತ ಹೆಚ್ಚು ಮಾತಾಡಿದ. ದೋಣಿಗಳ ವಿಷಯ, ಅವುಗಳ ಯಜಮಾನರ ಜಿಪುಣತನ, ಹೊಸದಾಗಿ ಕಟ್ಟಿಸಿದ ಹಲ್ಲಿನ ಕಾಟ. ಅವಳು ನಕ್ಕಳು, ಅವನ ಕುತ್ತಿಗೆಯಲ್ಲಿ ಬಿಸಿಲಿಗೆ ಕಪ್ಪಾದ ಗೆರೆ ನೋಡಿದಳು. ತುದಿ ತಲುಪಿ ಆಟ ಶುರುವಾದ ಮೇಲೂ ಕೇಳಲು ಹದವಾದ ಗಳಿಗೆ ಸಿಗಲಿಲ್ಲ. ಒಂದು ಕಡೆ ಸೈಕಲ್ಲಿನವರು ಅಡ್ಡ ಬಂದರು. ಇನ್ನೊಂದು ಕಡೆ ಅವನು ಬೂಟಿನೊಳಗಿನ ಕಲ್ಲು ತೆಗೆಯುತ್ತ ಕೂತ.

ಅರ್ಧ ಬೆಟ್ಟ ಇಳಿದಿದ್ದಾಗ ಡೆಲ್ ಎಸೆದ ಹಳದಿ ಡಿಸ್ಕ್ ಗಾಳಿಗೆ ಸಿಕ್ಕಿ ಓರೆಯಾಗಿ ಹೋಗಿ ಆಲ್ಡರ್ ಪೊದೆಗಳೊಳಗೆ ಬಿತ್ತು. ಆಳೆತ್ತರದ ದಟ್ಟ ಪೊದೆ. ಇಬ್ಬರೂ ಎರಡು ಬದಿಯಿಂದ ನುಗ್ಗಿದರು.

ವರ್ನಾಗೆ ಅದು ಒಳಹೊಕ್ಕ ಸ್ವಲ್ಪದರಲ್ಲೇ ಕಂಡಿತು. ಬುಡದ ಒಣ ಎಲೆಗಳ ಮೇಲೆ, ಊಟಕ್ಕೆ ಹಾಕಿದ ತಟ್ಟೆಯಂತೆ ಕೂತಿತ್ತು. ಸಿಕ್ಕಿತು ಎನ್ನಲು ಬಾಯಿ ತೆರೆದವಳು ಸುಮ್ಮನಾದಳು. ಆಚೆ ಬದಿಯಲ್ಲಿ ಅವನು ಕೊಂಬೆ ಸರಿಸುವ ಸದ್ದು, ಮಧ್ಯೆ ಅವನದೇ ಗೊಣಗಾಟ. ಜೊತೆಗಿದ್ದ ಕಾಲದಲ್ಲಿ ಅವನು ಮನೆಯಲ್ಲಿ ಕನ್ನಡಕ ಹುಡುಕುವಾಗಲೂ ಹೀಗೇ ಗೊಣಗುತ್ತಿದ್ದ. ಇನ್ನೊಂದಿಷ್ಟು ಹೊತ್ತು ಕೇಳಿಸಿಕೊಳ್ಳೋಣ ಎಂದು ಅವಳು ಡಿಸ್ಕಿನ ಪಕ್ಕದಲ್ಲೇ ನಿಂತು, ಹುಡುಕುವವಳ ಹಾಗೆ ಆಗಾಗ ಒಂದೊಂದು ಕೊಂಬೆ ಅಲ್ಲಾಡಿಸಿದಳು. ಈಗ ಕೇಳಿಬಿಡುತ್ತೇನೆ ಎಂದುಕೊಂಡಳು. ಮುಖ ಕಾಣದಿರುವುದೇ ಒಳ್ಳೆಯದಾಯಿತು.

ಡೆಲ್‌ಗೂ ಹಾಗೇ ಅನ್ನಿಸಿರಬೇಕು.

"ವರ್ನಾ," ಎಂದ ಎಲೆಗಳ ಆಚೆಯಿಂದ. "ಬೆಳಗ್ಗೆಯಿಂದ ಹೇಳ್ಬೇಕು ಅಂತಿದ್ದೆ. ನಾನು ಮದುವೆ ಆಗ್ತಿದ್ದೀನಿ ಕಣೇ."

ಅವಳು ಹಿಡಿದ ಕೊಂಬೆ ಬಿಡಲಿಲ್ಲ. ಅವನು ನಿಲ್ಲಿಸದೆ ಹೇಳಿಕೊಂಡು ಹೋದ. ಹೆಸರು ಕೊರಾಲೀ, ಬೇಕರಿ ನಡೆಸುತ್ತಾಳೆ, ಗಂಡ ತೀರಿಹೋಗಿದ್ದಾನೆ, ಒಳ್ಳೆಯವಳು. ಅಲ್ಲಿ ಮೊದಲ ಒಂದೆರಡು ವರ್ಷ ತನಗೆ ಬಹಳ ಕಷ್ಟವಾಯಿತು, ದಿನವೂ ಸಂಜೆ ಗಾಡಿ ಹತ್ತಿ ವಾಪಸು ಬಂದುಬಿಡೋಣ ಅನ್ನಿಸುತ್ತಿತ್ತು ಎಂದೂ ಹೇಳಿದ. ಇದು ಅವಳಿಗೆ ಗೊತ್ತಿರಲಿಲ್ಲ. ಮದುವೆಯ ಸುದ್ದಿಗಿಂತ ಇದೇ ಒಳಗೆ ಹೋಗಿ ಚುಚ್ಚಿತು.

"ಯಾಕೆ ಬರಲಿಲ್ಲ?" ಎಂದಳು.

"ನೀನು ಕರೀತೀಯ ಅಂತ ಕಾಯ್ತಿದ್ದೆ."

ಹಿಡಿದಿದ್ದ ಕೊಂಬೆಯನ್ನು ವರ್ನಾ ಬಿಟ್ಟಳು. ಆಮೇಲೆ ಅವಳು ಡಿಸ್ಕ್ ಇಲ್ಲಿದೆ ಬಾ ಎಂದಳು. ಅವನು ಕೈಗೆಲ್ಲ ಗೀರು ಮಾಡಿಕೊಂಡು ದಾಟಿ ಬಂದ.

"ಈಗ ಸಿಕ್ತಾ?"

"ಆಗ್ಲೇ ಸಿಕ್ಕಿತ್ತು."

ಡೆಲ್ ಡಿಸ್ಕನ್ನೂ ಅವಳನ್ನೂ ನೋಡಿದ. ಅವನೇನೂ ದಡ್ಡನಲ್ಲ. "ನೀನೂ ಏನೋ ಹೇಳೋದಿತ್ತು, ಅಲ್ವಾ?" ಎಂದು ಮೆಲ್ಲಗೆ ಕೇಳಿದ.

"ಹ್ಯಾಮ್ ಸ್ಯಾಂಡ್‌ವಿಚ್ ತಂದಿದ್ದೀನಿ. ಸಾಸಿವೆ ಜಾಸ್ತಿ ಹಾಕಿ."

ಲಾರ್ಚ್ ಮರದ ನೆರಳಲ್ಲಿ ಕೂತು ತಿಂದರು. ಉಳಿದ ಬುಟ್ಟಿಗಳನ್ನೂ ಆಡಿದರು. ಅವತ್ತು ಅವಳು ಎಸೆದದ್ದೆಲ್ಲ ಹೇಳಿದ ಮಾತು ಕೇಳುವಂತೆ ಹೋಗಿ ಸರಪಳಿಗೆ ಬಡಿಯಿತು. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಆಡಿರಲಿಲ್ಲ. ಡೆಲ್ ಪ್ರತಿ ಸಲವೂ ತಲೆದೂಗಿದ. ಬಯಲಿನಲ್ಲಿ ಕಾರಿನ ಹತ್ತಿರ ಒಬ್ಬರನ್ನೊಬ್ಬರು ಅಪ್ಪಿಕೊಂಡು ಬೆನ್ನು ತಟ್ಟಿದರು. ಮನೆಗೆ ಬಂದು ಅವಳು ಬೂಟನ್ನೂ ಬಿಚ್ಚದೆ ಅಡಿಗೆಮನೆಯಲ್ಲಿ ಕತ್ತಲಾಗುವವರೆಗೆ ಕೂತಿದ್ದಳು. ಕಡಲಿನ ಹವೆ ನೋಡಲು ಕೈ ತಾನಾಗಿ ಫೋನಿನ ಕಡೆ ಹೋಯಿತು. ನೋಡಿದಳು ಕೂಡ.

ಮುಂದಿನ ಬೇಸಿಗೆ ಅವನು ಮೊದಲೇ ಫೋನು ಮಾಡಿ, ಕೊರಾಲೀಗೂ ಆಟ ಕಲಿಯುವ ಆಸೆಯಿದೆ, ಮೂವರೂ ಆಡೋಣವೇ ಎಂದು ಕೇಳಿದ. ಜನ ಕಡಿಮೆ, ರಜೆ ಕೊಡುವುದಿಲ್ಲ ಎಂದು ವರ್ನಾ ಸುಳ್ಳು ಹೇಳಿದಳು. ಅವರಿಬ್ಬರೂ ಬಂದಾಗ ಅವಳು ಲಿಫ್ಟಿನ ಬಳಿ ಕೆಲಸದಲ್ಲಿದ್ದಳು. ಕೊರಾಲೀ ಗುಂಡಗಿನ, ನಗುಮುಖದ ಹೆಂಗಸು. ಪೇಪರ್ ಚೀಲದಲ್ಲಿ ಕಟ್ಟಿ ತಂದಿದ್ದ ದಾಲ್ಚಿನ್ನಿ ಬನ್ನುಗಳನ್ನು ವರ್ನಾಳ ಕೈಗಿಟ್ಟಳು. ಎತ್ತರವೆಂದರೆ ತನಗೆ ಕಾಲು ನಡುಗುತ್ತದೆ ಎಂದು ಅಷ್ಟೇ ಸಲೀಸಾಗಿ ಒಪ್ಪಿಕೊಂಡಳು.

"ಹೆದರ್ಬೇಡಿ, ಕತ್ತು ಮಾತ್ರ ಹಿಂದೆ ತಿರುಗಿಸಿ ಕುರ್ಚಿ ನೋಡ್ತಾ ನಿಂತ್ಕೊಳ್ಳಿ. ನಾನು ಹಿಡ್ಕೋತೀನಿ," ಎಂದಳು ವರ್ನಾ.

ಬೀಸಿ ಬಂದ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಮಾಡಿದಳು. ಇಬ್ಬರೂ ಕೂತರು. ಡೆಲ್ ಅಡ್ಡಗಂಬಿ ಇಳಿಸಿ, ಹೆಂಡತಿಯ ಕೈಯನ್ನು ಅದರ ಮೇಲಿಟ್ಟ. ವರ್ನಾ ಕುರ್ಚಿಯ ಬೆನ್ನಿನಿಂದ ಕೈ ತೆಗೆದಳು. ಅವರು ಹುಲ್ಲಿನ ಮೇಲೆ ತೇಲಿಕೊಂಡು ಹೋಗಿ ಮೊದಲ ಗುಡ್ಡದ ಆಚೆ ಮರೆಯಾಗುವವರೆಗೂ, ಸಾಲಿನಲ್ಲಿ ಕಾಯುತ್ತಿದ್ದವರನ್ನು ಮರೆತು ನೋಡುತ್ತ ನಿಂತಳು.