ನೆಲದಡಿಯ ಸದ್ದು

ಕಿವಿಯಕ್ಕ ಬಾಗಿಲಲ್ಲಿ ನಿಂತಾಗ ಆ ಮನೆಯ ಸೊಸೆ ಮನಸ್ಸಿನಲ್ಲೇ ಮೂಗು ಮುರಿದಳು. ಬೀದಿಯ ಸಹಾಯ ಸಂಘಕ್ಕೆ ಅರ್ಜಿ ಕೊಟ್ಟು ಹದಿನೈದು ದಿನ ಕಾದದ್ದು ನೀರಿನ ಬಿಲ್ಲಿಗೊಂದು ದಾರಿಯಾಗಲಿ ಎಂದು. ಸಂಘದವರು ಕಳಿಸಿದ್ದು ಬೀದಿಯವರೆಲ್ಲ ಕಿವಿಯಕ್ಕ ಎಂದು ಕರೆಯುವ ಈ ದಪ್ಪ ಹೆಂಗಸನ್ನು. ಕೈಯಲ್ಲಿ ಚೆಕ್ಕಿಲ್ಲ, ಚೀಲವಿಲ್ಲ, ಎದೆಯೆತ್ತರದ ಒಂದು ಮರದ ಕೋಲು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳಂತೆ.

"ದುಡ್ಡಿನ ಮಾತು ಆಮೇಲೆ. ಮೊದಲು ಎಲ್ಲಿ ಸೋರ್ತಿದೆ ನೋಡ್ಬೇಕು. ನಮ್ಮ ಸಂಘದ ಪದ್ಧತಿ ಅದು" ಎಂದಳು ಕಿವಿಯಕ್ಕ.

"ಎಲ್ಲಿ ಸೋರ್ತಿದೆ ಅಂತ ನನಗೆ ಚೆನ್ನಾಗಿ ಗೊತ್ತು" ಎಂದಳು ಸೊಸೆ, ದನಿ ತಗ್ಗಿಸದೆ. ಒಳಕೋಣೆಯಲ್ಲಿ ಮಾವ ಅಂಗಿ ಮಡಚುತ್ತಿದ್ದರು. ಅವರಿಗೆ ಕೇಳಲಿ ಎಂದೇ ಅವಳು ಅಂದದ್ದು.

ಗಂಡ ವ್ಯಾನ್ ಓಡಿಸುತ್ತಿದ್ದ, ಅವಳು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಇಬ್ಬರೂ ಮೈಮುರಿದು ದುಡಿದರೂ ಒಂದೂವರೆ ವರ್ಷದಿಂದ ನೀರಿನ ಬಿಲ್ಲು ಪಕ್ಕದ ಮನೆಯವರಿಗಿಂತ ಮೂರು ಪಟ್ಟು ಬರುತ್ತಿತ್ತು. ಮಗಳ ಶಾಲೆಯ ಫೀಸು ಬಾಕಿ ಬಿತ್ತು, ಈಗ ನಲ್ಲಿ ಕತ್ತರಿಸುವ ನೋಟಿಸೂ ಬಂದಿತ್ತು. ಒಮ್ಮೆ, ಒಂದೇ ಒಂದು ಸಲ, ಮಾವ ಬಚ್ಚಲ ನಲ್ಲಿ ನಿಲ್ಲಿಸದೆ ಎದ್ದುಬಂದದ್ದನ್ನು ಅವಳು ಕಂಡಿದ್ದಳು. ಅಲ್ಲಿಂದ ಪ್ರತಿ ಬಿಲ್ಲೂ ಅವರ ತಲೆಗೇ. ಕಾರ್ಖಾನೆಯ ಉಗ್ರಾಣವನ್ನು ಒಂದು ಮೊಳೆಯೂ ಆಚೀಚೆ ಆಗದಂತೆ ನೋಡಿಕೊಂಡಿದ್ದ ಮನುಷ್ಯ. ಮೊದಮೊದಲು ವಾದಿಸಿದರು, ಆಮೇಲೆ "ಇರಬಹುದಮ್ಮ, ಈಚೆಗೆ ತಲೆ ನೆಟ್ಟಗಿಲ್ಲ" ಎಂದು ತಾವೇ ಒಪ್ಪಿಕೊಂಡುಬಿಟ್ಟರು. ಹೋದ ವಾರ ಅವಳ ನಾಲಿಗೆ ಹಿಡಿತ ತಪ್ಪಿತು: "ನೀವಿರೋವರೆಗೂ ಈ ಮನೆ ಉದ್ಧಾರ ಆಗಲ್ಲ." ಇವತ್ತು ಮೂರು ಗಂಟೆಯ ಬಸ್ಸಿಗೆ ಅವರು ತಮ್ಮ ಮಗಳ ಊರಿಗೆ ಹೊರಟಿದ್ದರು. ಆ ಮಗಳ ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಕಿವಿಯಕ್ಕ ಎಲ್ಲ ನಲ್ಲಿಗಳನ್ನೂ ತಾನೇ ತಿರುಗಿಸಿ ಬಿಗಿಮಾಡಿ, ಸೊಸೆಯನ್ನು ಗೇಟಿನ ಬಳಿಯ ಮೀಟರಿಗೆ ಕರೆದೊಯ್ದಳು. ನೀರು ಹರಿದರೆ ಮಾತ್ರ ತಿರುಗುವ, ಗಾಜಿನ ಕೆಳಗೆ ಸಾಸಿವೆಯಷ್ಟಿದ್ದ ಕೆಂಪು ಚಕ್ರ ತಿರುಗುತ್ತಲೇ ಇತ್ತು.

"ಯಾರು ಬಳಸ್ತಿದಾರೆ ಈಗ?" ಎಂದಳು ಕಿವಿಯಕ್ಕ.

ಸೊಸೆ ಒಳಹೋಗಿ ಎಲ್ಲ ನಲ್ಲಿಗಳನ್ನೂ ಮುಟ್ಟಿ ನೋಡಿ ಬಂದಳು; ಒಂದೂ ತೊಟ್ಟಿಕ್ಕುತ್ತಿರಲಿಲ್ಲ.

ಕಿವಿಯಕ್ಕ ಚಪ್ಪಲಿ ಬಿಟ್ಟು ಒಳಬಂದಳು. ಫ್ಯಾನ್ ನಿಲ್ಲಿಸಿದಳು. ಕೋಲಿನ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಅಡುಗೆಮನೆಯಿಂದ ಗೇಣು ಗೇಣಾಗಿ ಸರಿದಳು. ಏದುಸಿರು ಬಿಡುತ್ತ ಬಂದಿದ್ದ ಹೆಂಗಸು ಈಗ ಉಸಿರಾಡುವುದೇ ಕೇಳಿಸುತ್ತಿರಲಿಲ್ಲ. ನಡುಮನೆ ದಾಟಿ ಒಳಕೋಣೆಗೆ ಹೋದಳು. ಮಾವನ ಚಾಪೆಯ ತಲೆದಿಂಬು ಸರಿಸಿ, ಅಲ್ಲೇ ನಿಂತುಬಿಟ್ಟಳು.

"ಬಾ, ಕೇಳು."

ಸೊಸೆ ಬಗ್ಗಿ ಕೋಲಿಗೆ ಕಿವಿಯಿಟ್ಟಳು. ಮೊದಲು ಏನೂ ಇಲ್ಲ. ಆಮೇಲೆ ಎಲ್ಲಿಂದಲೋ ಒಂದು ಹರಿವು, ಸುಯ್ಯೆಂದು, ಎಡೆಬಿಡದೆ. ಅವಳು ಗುಡಿಸಿ ಒರೆಸಿದ, ಮಗಳು ಅಂಬೆಗಾಲಿಟ್ಟ ಈ ಗಾರೆ ನೆಲದ ಅಡಿಯಲ್ಲಿ ಹಗಲೂ ರಾತ್ರಿ ನೀರು ಓಡುತ್ತಿತ್ತು. ಇವರು ಚೊಂಬಿನಲ್ಲಿ ಅಳೆದು ಸ್ನಾನ ಮಾಡುವಾಗಲೂ ಓಡುತ್ತಿತ್ತು. ಒಂದು ಕೋಲು, ಒಬ್ಬಳ ಕಿವಿ, ಅಷ್ಟರಿಂದ ಇಡೀ ಮನೆಯ ಒಳಗುಟ್ಟು ಬಯಲಾಗಿತ್ತು. ಇಂಥದ್ದೊಂದು ವಿದ್ಯೆ ಲೋಕದಲ್ಲಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ. ಅವಳು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕುಕ್ಕರಿಸಿಬಿಟ್ಟಳು.

"ಪೈಪು ಒಡೆದಿದೆ. ನಾಳೆ ನಮ್ಮ ಗಾರೆಯವನು ಬಂದು ಅಗೆದು ಸರಿಮಾಡ್ತಾನೆ, ಅವನ ಕೂಲಿ ಸಂಘವೇ ಕೊಡುತ್ತೆ. ಸೋರಿಕೆ ಅಂತ ನಾನು ಬರೆದುಕೊಟ್ಟರೆ ಕಚೇರಿಯವರು ಹಳೇ ಬಿಲ್ಲನ್ನೂ ಇಳಿಸ್ತಾರೆ. ಯಾರ ತಪ್ಪೂ ಅಲ್ಲಮ್ಮ ಇದು" ಎಂದಳು ಕಿವಿಯಕ್ಕ.

ಕೊನೆಯ ಮಾತು ಸೊಸೆಗೆ ಕೆನ್ನೆಗೆ ಹೊಡೆದಂತೆ ತಗುಲಿತು. ಅವಳು ತಲೆ ಎತ್ತದೆ ಕೋಲನ್ನು ಮಾವನತ್ತ ಚಾಚಿದಳು.

ಮಾವ ಮಂಡಿಯೂರಿ ಕಿವಿಯಿಟ್ಟರು.

"ಇದಾ?" ಎಂದರು. ಮತ್ತೆ ಕೇಳಿಸಿಕೊಂಡರು. "ಇದು... ಹೊರಗಿನ ಸದ್ದಾ?"

"ಯಾಕೆ ಮಾವ?"

"ದಿಂಬಿಗೆ ತಲೆ ಕೊಟ್ಟರೆ ಸಾಕು, ಇದೇ. ಒಂದೂವರೆ ವರ್ಷದಿಂದ. ನನ್ನ ತಲೆಯೊಳಗೇ ಅಂದುಕೊಂಡಿದ್ದೆ. ಹೇಳಿದ್ರೆ ಹುಚ್ಚು ಹಿಡೀತು ಅಂತೀರ ಅಂತ ಸುಮ್ಮನಿದ್ದೆ." ಅವರು ಅಂಗೈಯಿಂದ ನೆಲ ಸವರಿದರು. "ತಲೆ ಕೆಟ್ಟಿದೆ, ನಲ್ಲಿ ನಾನೇ ಬಿಟ್ಟಿರಬೇಕು ಅಂತ ನಂಬಿಬಿಟ್ಟೆ ಕಣಮ್ಮ."

"ಕೋಲಿಗೆ ಕಿವಿ ಇಟ್ಟೇ ಇರಿ ಮಾವ" ಎಂದಳು ಸೊಸೆ. ಎದ್ದು ಓಡಿಹೋಗಿ ಗೇಟಿನ ಬಳಿ ಕೂತು, ಮೀಟರಿನ ಪಕ್ಕದ ವಾಲ್ವನ್ನು ಬಲವಾಗಿ ತಿರುಗಿಸಿ ನೀರು ನಿಲ್ಲಿಸಿದಳು.

ಕಿಟಕಿಯೊಳಗಿಂದ ಮಾವನ ದನಿ ಬಂತು: "ನಿಂತಿತು!"

ಅವಳು ಹೇಳದೆ ಕೇಳದೆ ನೀರು ಬಿಟ್ಟಳು. "ಬಂತು!" ಮತ್ತೆ ನಿಲ್ಲಿಸಿದಳು. "ನಿಂತಿತು! ಪೂರ್ತಿ ನಿಂತಿತು!"

ಒಂದು ಸಲವೂ ಅವರು ತಪ್ಪಲಿಲ್ಲ. ಮೂರು ಗಂಟೆಯ ಬಸ್ಸಿನ ಹೊತ್ತು ಮೀರಿಹೋಯಿತು. ಕಿವಿಯಕ್ಕ ಹೊರಗೆ ಬಂದು, "ಸಾಕಮ್ಮ, ಗೊತ್ತಾಯ್ತಲ್ಲ" ಎಂದಳು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ತಿರುಗಿಸಿ, ಒಳಗಿನ ದನಿಗೆ ಕಾದಳು.