ಮೌನವಾಗಿ ಓದಿಕೊಳ್ಳುವುದು

ಇಗರ್ಜಿಯ ಬಾಗಿಲಲ್ಲಿ ಗೇನ್ಸ್ ಹಂಚುತ್ತಿದ್ದ ಕರಪತ್ರವನ್ನು ವರ್ಲಿನ್ ಅವನ ಕೈಯಿಂದ ಕಿತ್ತುಕೊಂಡಳು. ಮುಖಪುಟದಲ್ಲಿ ತೀರಿಕೊಂಡ ಅಕ್ಕ ಓಜೆಲ್ಲಾಳ ನಗುಮುಖ. ಒಳಗೆ, ಹುಟ್ಟಿಗೂ ಮದುವೆಗೂ ನಡುವೆ ಒಂದು ಸಾಲು: 'ನಮ್ಮ ಕೌಂಟಿಯ ಶಾಲೆಗಳಲ್ಲಿ ವಿದ್ಯಾಭ್ಯಾಸ ಪಡೆದರು.'

"ಇದನ್ನ ಬರೆದೋರ್ಯಾರು?"

ಪೆಟ್ಟಿಗೆಯಿಂದ ಹಿಡಿದು ಕರಪತ್ರದವರೆಗೆ ಸಾವಿನ ಮನೆಯವರಿಗೆ ಎಲ್ಲ ಹೊಂದಿಸಿಕೊಡುವುದು ಗೇನ್ಸ್‌ನ ಕಸುಬು. "ಫಾರಮ್ಮಲ್ಲಿ ಓದಿನ ಜಾಗ ಖಾಲಿ ಬಿಟ್ಟಿದ್ರಿ ಅಮ್ಮಾ. ಎಲ್ರಿಗೂ ಹಾಕೋದನ್ನೇ ಹಾಕ್ದೆ," ಅಂದ. ಅವನು ಹುಟ್ಟುವುದಕ್ಕೆ ಎಷ್ಟೋ ಮೊದಲು ನಡೆದ ಸಂಗತಿ. ಅವನ ಮೇಲೆ ರೇಗಿ ಏನು ಬಂತು? ಆದರೂ ವರ್ಲಿನ್‌ಗೆ ಮೈಯೆಲ್ಲ ಉರಿದುಹೋಯಿತು.

*

1959ರ ಸೆಪ್ಟೆಂಬರಿನಲ್ಲಿ ಓಜೆಲ್ಲಾಗೆ ಒಂಬತ್ತು, ವರ್ಲಿನ್‌ಗೆ ಏಳು. ಇಸ್ತ್ರಿ ಮಾಡಿದ ಫ್ರಾಕು ತೊಟ್ಟು ಹೋದರೆ ಶಾಲೆಯ ಬಾಗಿಲಿಗೆ ಸರಪಳಿ. ಕರಿಯರ ಮಕ್ಕಳನ್ನೂ ಬಿಳಿಯರ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಎಂದು ನ್ಯಾಯಾಲಯ ಹೇಳಿತ್ತು. ಹಾಗೆ ಕೂರಿಸುವುದಕ್ಕಿಂತ ಮುಚ್ಚುವುದೇ ಮೇಲೆಂದು ಕೌಂಟಿಯನ್ನಾಳುವ ಮಂಡಳಿಯ ಬಿಳಿಯ ದೊಡ್ಡಮನುಷ್ಯರು ಇದ್ದಬದ್ದ ಸರ್ಕಾರಿ ಶಾಲೆಗೆಲ್ಲ ಬೀಗ ಜಡಿದು, ತಮ್ಮ ಮಕ್ಕಳಿಗೆ ಖಾಸಗಿ ಶಾಲೆ ತೆರೆದುಕೊಂಡರು. ಬೀಗ ತೆಗೆಯಲು ಐದು ವರ್ಷ ಹಿಡಿಯಿತು.

ಬಾಲ್ಟಿಮೋರಿನ ಚಿಕ್ಕಮ್ಮನ ಮನೆಯಲ್ಲಿ ಒಬ್ಬಳಿಗೆ ಮಾತ್ರ ಜಾಗವಿತ್ತು. "ಚಿಕ್ಕವಳೇ ಹೋಗ್ಲಿ ಅಮ್ಮಾ. ನಂಗೆ ಹೆಸ್ರು ಬರ್ಯೋಕಾದ್ರೂ ಬರತ್ತೆ," ಅಂದಿದ್ದಳು ಓಜೆಲ್ಲಾ.

ವರ್ಲಿನ್ ಓದಿ ಟೀಚರ್ ಆದಳು. ಓಜೆಲ್ಲಾ ತಂಬಾಕಿನ ಹೊಲಕ್ಕೆ ಇಳಿದಳು; ಕಲಿತಿದ್ದ ನಾಲ್ಕಕ್ಷರವೂ ಅಲ್ಲೇ ಮರೆತುಹೋಯಿತು. ಶಾಲೆ ತೆರೆದಾಗ ಹದಿನಾಲ್ಕು ತುಂಬಿತ್ತು. ಪುಟ್ಟ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂರಲು ಅವಳು ಒಪ್ಪಲಿಲ್ಲ.

*

'ಜೀವನ ವೃತ್ತಾಂತ: ಮೌನವಾಗಿ ಓದಿಕೊಳ್ಳುವುದು' ಎಂದು ಕರಪತ್ರದಲ್ಲಿತ್ತು. ಆರ್ಗನ್ ಮೆಲ್ಲಗೆ ನುಡಿಯಿತು, ತಲೆಗಳು ಬಗ್ಗಿದವು. ಯಾರ ಮಣ್ಣಿಗೆ ಹೋದರೂ ಓಜೆಲ್ಲಾ ಹೀಗೇ ತಲೆ ಬಗ್ಗಿಸಿ, ಪಕ್ಕದವರು ಪುಟ ತಿರುವಿದಾಗ ತಾನೂ ತಿರುವುತ್ತಿದ್ದಳು. ಅದು ತಂಗಿಗೊಬ್ಬಳಿಗೇ ಗೊತ್ತಿತ್ತು.

ವರ್ಲಿನ್ ಎದ್ದು ಮುಂದೆ ನಡೆದಳು. ಕೌಂಟಿ ಮಂಡಳಿಯವರೂ ಬಂದಿದ್ದಾರೆ, ಇವತ್ತೊಂದು ದಿನ ಬೇಡ ಎಂದು ಪಾದ್ರಿ ಟಿಲ್ಮನ್ ಕಿವಿಯಲ್ಲಿ ಹೇಳಿದರು. ಬಂದಿರುವುದು ಒಳ್ಳೆಯದೇ ಆಯಿತು ಅಂದಳು ವರ್ಲಿನ್. ಆರ್ಗನ್ ನಿಂತಿತು.

"ನಮ್ಮಕ್ಕಂಗೆ ಓದೋಕೆ ಬರ್ತಿರ್ಲಿಲ್ಲ. ಸಾಯೋ ತನಕ ಅದನ್ನ ಮುಚ್ಚಿಟ್ಕೊಂಡ್ಲು. ನಾಚ್ಕೋಬೇಕಾದೋಳು ಅವಳಲ್ಲ. ಈ ಕೌಂಟಿ ಅವಳಿಗೆ ಏನೂ ಕಲಿಸ್ಲಿಲ್ಲ, ಬೀಗ ಹಾಕ್ತು. ನಿಮ್ಮ ಮುಂದಿನ ಬೆಂಚಿನ ಬೆನ್ನಿಗೆ ಕಾಣಿಕೆ ಲಕೋಟೆ ಜೊತೆ ಪೆನ್ಸಿಲ್ ಇದೆ. ತಗೊಂಡು, ಶಾಲೇಲಿ ಓದಿದ್ಲು ಅನ್ನೋ ಆ ಸಾಲು ಹೊಡೆದು ಹಾಕಿ."

ಮೂರನೇ ಸಾಲಿನಲ್ಲಿ ಮುದುಕಿ ಲುಸಿಂಡಾ, ಅಂದು ಅದೇ ಸರಪಳಿಯ ಮುಂದೆ ನಿಂತಿದ್ದವಳು, ಪೆನ್ಸಿಲ್ ತೆಗೆದುಕೊಂಡು ಹಾಳೆ ಹರಿಯುವಷ್ಟು ಒತ್ತಿ ಗೀಚಿದಳು. ಆಮೇಲೆ ಇಗರ್ಜಿಯ ತುಂಬ ಪೆನ್ಸಿಲುಗಳ ಸದ್ದು. ಗೇನ್ಸ್ ಕೂಡ ಬಾಗಿಲಲ್ಲಿ ಉಳಿದ ಕಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೊಂದಾಗಿ ಗೀಚತೊಡಗಿದ.

ಲುಸಿಂಡಾಳ ಪಕ್ಕದಲ್ಲಿ ಕೌಂಟಿ ಮಂಡಳಿಯವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಅವಳು ಪೆನ್ಸಿಲನ್ನು ಅವನತ್ತ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.