ವಸ್ತಾದನಿಗೆ ತೊಡಿಸಿದ ಕೋಟು

ನಾನು ಒಂದು ಮಳೆಕೋಟು. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಸ್ಕೂಟರಿನ ಸೀಟ್ ಕವರ್ ಹೊಲಿಯುವ ಅಂಗಡಿಯೊಂದರಲ್ಲಿ ಹುಟ್ಟಿದೆ. ದಪ್ಪ ಕರಿ ಬಟ್ಟೆ, ಒಳಗೆ ರಬ್ಬರಿನ ಲೇಪ, ಮುಂದೆ ಸಾಲಾಗಿ ಗುಂಡಿಗಳು. ಕೊನೆಯ ಹೊಲಿಗೆ ಹಾಕಿದ ಮೇಲೆ ದರ್ಜಿ ನನ್ನ ಬೆನ್ನಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿದ. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ನನಗೆ ಹೆಮ್ಮೆಯಾಯಿತು.

ನನ್ನನ್ನು ಹೊಲಿಸಿದವನು ಮನೆಮನೆಗೆ ಪೇಪರ್ ಹಾಕುವ ದತ್ತೋಬಾ. ಅವನ ಸೈಕಲ್ಲಿನ ಮೇಲೆ ಕೂತು ಕೆಲವು ಮಳೆಗಾಲ ಕಳೆದೆ. ಅವನು ಪೇಪರಿನ ಕಟ್ಟನ್ನು ನನ್ನೊಳಗೆ ಎದೆಗೆ ಒತ್ತಿಕೊಂಡು ಪೆಡಲ್ ತುಳಿಯುತ್ತಿದ್ದ. ಆಮೇಲೆ ಅವನಿಗೆ ಗದಗದಲ್ಲಿ ಬೇರೆ ಕೆಲಸ ಸಿಕ್ಕಿತು. ಹೋಗುವ ಮುಂಚೆ ನನ್ನನ್ನು ಓಣಿಯ ಕೊನೆಯ ಮನೆಯವನಿಗೆ ಕೊಟ್ಟುಬಿಟ್ಟ. ಆ ಮನೆಯವನ ಹೆಸರು ವಿಠೋಬಾ. ಬಾಕ್ಸಿಂಗ್ ಕಲಿಸುತ್ತಿದ್ದ. ಊರೆಲ್ಲ ಅವನನ್ನು ವಸ್ತಾದ ಎಂದು ಕರೆಯುತ್ತಿತ್ತು.

ನಾನು ಈ ಕಥೆ ಹೇಳುತ್ತಿರುವುದೇ ಅವನ ಮೇಲಿನ ಸಿಟ್ಟಿಗೆ. ಅದನ್ನು ಮುಚ್ಚಿಡುವುದಿಲ್ಲ.

ವಸ್ತಾದ ನನ್ನನ್ನು ಮಳೆಗೆ ತೊಡಲಿಲ್ಲ. ಚೈತ್ರದ ಬಿಸಿಲಿನಲ್ಲಿ, ಮಟಮಟ ಮಧ್ಯಾಹ್ನ, ನಿಂಗರಾಜನೆಂಬ ತರುಣ ಶಿಷ್ಯನ ಮೈಮೇಲೆ ಹಾಕಿ ಕುತ್ತಿಗೆಯ ತನಕ ಗುಂಡಿ ಬಿಗಿದ. "ಈಗ ಉಣಕಲ್ ಕೆರಿ ತನಕ ಓಡಿ ಬಾ," ಅಂದ. ನಿಂಗರಾಜ ಓಡಿದ. ಗಾಳಿ ಆಡದ ನನ್ನೊಳಗೆ ಅವನ ಮೈ ಕಾದ ಹಂಚಿನಂತಾಯಿತು. ಬೆವರು ಅಂಗಿ ತೋಯಿಸಿ, ಚಡ್ಡಿ ತೋಯಿಸಿ, ಬೂಟಿನೊಳಗೆ ಇಳಿದು ಪಚಪಚ ಸದ್ದು ಮಾಡಿತು. ತಿರುಗಿ ಬಂದು ಅವನು ನಲ್ಲಿಯ ಕಡೆ ನಡೆದಾಗ ವಸ್ತಾದ ಅಡ್ಡ ನಿಂತ.

"ಎಲ್ಲಿಗೆ?"

"ಒಂದ ಗುಟುಕ ನೀರ್ರಿ, ವಸ್ತಾದ್ರ."

"ನೀರ ಕೇಳಾಂವ ಬಾಕ್ಸರ್ ಅಲ್ಲ. ಬಾಯಿ ಮುಕ್ಕಳಿಸಿ ಉಗುಳು. ಒಳಗ ಇಳೀಬಾರದು."

ನಿಂಗರಾಜನ ಎಲುಬು ಅಗಲ, ಭುಜ ತುಂಬಿಕೊಂಡಿದ್ದವು. ಅವನು ಮೈಗೆ ತಕ್ಕ ತೂಕದ ವರ್ಗದಲ್ಲಿ ಆಡಿದ್ದರೆ ಸಾಕಿತ್ತು. ವಸ್ತಾದನ ಲೆಕ್ಕ ಬೇರೆ. "ಕೆಳಗಿನ ತೂಕದಾಗ ಇಳದರ ಎದುರಾಳಿ ಸಣ್ಣಾಂವ ಸಿಗ್ತಾನ. ಅಲ್ಲೆ ನೀ ಹುಲಿ," ಎನ್ನುತ್ತಿದ್ದ. ಹುಲಿ ಮಾಡಲು, ನನ್ನೊಳಗೆ ಬೆವರಿಳಿಸಿ ತೂಕ ಕರಗಿಸಿದ್ದು ಸಾಲದೆಂದು, ಅವನು ಊಟದಲ್ಲಿ ಉಪ್ಪು ನಿಲ್ಲಿಸಿದ, ರೊಟ್ಟಿ ನಿಲ್ಲಿಸಿದ, ಪಂದ್ಯದ ಹಿಂದಿನ ದಿನಗಳಲ್ಲಿ ನೀರನ್ನೂ ನಿಲ್ಲಿಸಿದ. ನಿಂಗರಾಜನ ತುಟಿ ಸೀಳಿ ರಕ್ತ ಬರುತ್ತಿತ್ತು. ಅವನ ಎದೆ ನನ್ನ ಗುಂಡಿಗಳ ಹಿಂದೆ ದಿಕ್ಕೆಟ್ಟು ಬಡಿದುಕೊಳ್ಳುವುದನ್ನು ನಾನೊಬ್ಬನೇ ಕೇಳುತ್ತಿದ್ದೆ.

ಆದರೂ ಅವನು ಗೆದ್ದ. ಜಿಲ್ಲೆ ಗೆದ್ದ, ರಾಜ್ಯ ಗೆದ್ದ. ವಸ್ತಾದ ನನ್ನನ್ನು ಎತ್ತಿ ಹಿಡಿದು ಪೇಪರಿನವರಿಗೆ ತೋರಿಸಿದ. "ಚಾಂಪಿಯನ್ ತಯಾರಾಗೋದು ಈ ಕೋಟಿನ್ಯಾಗ." ಮರುದಿನದ ಪೇಪರಿನಲ್ಲಿ ನಿಂಗರಾಜನಿಗಿಂತ ನನ್ನ ಚಿತ್ರವೇ ದೊಡ್ಡದಾಗಿ ಬಂದಿತ್ತು.

ರಾಷ್ಟ್ರೀಯ ಪಂದ್ಯ ಪುಣೆಯಲ್ಲಿತ್ತು. ಫೈನಲ್ ತನಕ ನಿಂಗರಾಜನನ್ನು ತಡೆಯುವವರು ಸಿಗಲಿಲ್ಲ. ಫೈನಲ್ಲಿನ ದಿನ ಬೆಳಿಗ್ಗೆ ತೂಕ ಸ್ವಲ್ಪ ಹೆಚ್ಚು ತೋರಿಸಿತು. ವಸ್ತಾದ ಅವನಿಗೆ ನನ್ನನ್ನು ತೊಡಿಸಿ, ಹೋಟೆಲಿನ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಹೊರಗೆ ಕುರ್ಚಿ ಹಾಕಿಕೊಂಡು ಕೂತ. ಒಳಗೆ ಹಬೆ ತುಂಬಿತು. ನಿಂಗರಾಜ ಬಾಗಿಲು ಬಡಿದ. "ಸಾಯ್ತೀನ್ರಿ ವಸ್ತಾದ್ರ, ಬಾಗಲಾ ತಗೀರಿ." ಹೊರಗಿನಿಂದ ನಗು ಕೇಳಿಸಿತು. "ಯಾರೂ ಸಾಯಂಗಿಲ್ಲ. ಜಿಗಿ."

ತೂಕ ಇಳಿಯಿತು. ಕಾಗದದ ಮೇಲೆ ಅವನು ಸರಿಯಾದ ಬಾಕ್ಸರ್. ಸಂಜೆ ರಿಂಗಿನಲ್ಲಿ ನಿಂತವನು ಮಾತ್ರ ಅರ್ಧ ಮನುಷ್ಯ.

ವಸ್ತಾದ ನನ್ನನ್ನು ತನ್ನ ಕುರ್ಚಿಯ ಬೆನ್ನಿಗೆ ಹಾಕಿದ್ದ. ಅಲ್ಲಿಂದ ಎಲ್ಲ ಕಂಡಿತು. ಮೊದಲ ಸುತ್ತು ನಿಂಗರಾಜನದೇ. ಎಡಗೈಯ ಗುದ್ದು ಎಷ್ಟು ಚೊಕ್ಕವಾಗಿ ಬೀಳುತ್ತಿತ್ತೆಂದರೆ ಎದುರಾಳಿಯ ಕಡೆಯವರೇ ಹೌಹಾರಿದರು. ಎರಡನೆಯ ಸುತ್ತಿನಲ್ಲಿ ಅವನ ಕಾಲಿನ ಮೀನಖಂಡ ಗಂಟುಕಟ್ಟಿತು. ಮೂರನೆಯದರಲ್ಲಿ ಕೈಗಳು ತಾವಾಗಿಯೇ ಸೊಂಟದ ತನಕ ಇಳಿದವು. ಅವನು ಕೈ ಎತ್ತಲು ನೋಡುತ್ತಿದ್ದ, ಅವು ಏಳುತ್ತಿರಲಿಲ್ಲ. ಎದುರಾಳಿ ಕಟ್ಟಿಗೆ ಒಡೆಯುವವನಂತೆ ಹೊಡೆದ.

ಸೋತು ರಿಂಗಿನಿಂದ ಇಳಿದವನ ಮುಖಕ್ಕೆ, ಎಲ್ಲರ ಎದುರು, ವಸ್ತಾದ ಹೇಳಿದ: "ಹೇಡಿ. ನಿನಗ ಎದಿನೇ ಇಲ್ಲ."

ಆ ಮಾತು ರೈಲಿನಲ್ಲಿ ಬಂದ ಅವರಿಗಿಂತ ಮುಂಚೆ ಹುಬ್ಬಳ್ಳಿ ತಲುಪಿತು. ಚಹಾದಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ ಜನ ಅದನ್ನೇ ಆಡಿದರು. ನಿಂಗರಾಜ ಫೈನಲ್ಲಿನಲ್ಲಿ ಹೆದರಿ ಕೈ ಬಿಟ್ಟ ಎಂದರು. ಕೆಡುಕೆಂದರೆ, ನಿಂಗರಾಜನೂ ಹಾಗೆಯೇ ನಂಬಿದ. ಗ್ಲೌಸು ಬಿಚ್ಚಿಟ್ಟ. ಮತ್ತೆ ಆಡಲಿಲ್ಲ. ನೀರು ಕುಡಿದ, ಅನ್ನ ಉಂಡ ನಿಂಗರಾಜ ಎಂಥ ಬಾಕ್ಸರ್ ಆಗುತ್ತಿದ್ದ ಎಂಬುದು ಹೀಗಾಗಿ ಯಾರಿಗೂ ಗೊತ್ತಾಗಲೇ ಇಲ್ಲ. ವಸ್ತಾದನಿಂದ ಆದ ನಷ್ಟಗಳಲ್ಲಿ ನನ್ನನ್ನು ಹೆಚ್ಚು ಉರಿಸುವುದು ಇದೇ.

ನಿಂಗರಾಜನ ನಂತರ ನನ್ನೊಳಗೆ ಬಂದವನು ಇಮ್ತಿಯಾಜ್. ಚಿಗರೆಯ ಹಾಗೆ ಹಗುರ, ಬಾಯಿತುಂಬ ಮಾತು. ಅವನಿಗೆ ಬೆವರಿನ ಜೊತೆಗೆ ಇನ್ನೊಂದು ಶಿಕ್ಷೆಯೂ ಇತ್ತು. ವಸ್ತಾದ ದಿನವೂ ಅವನನ್ನು ದೊಡ್ಡ ತೂಕದವರ ಎದುರು ನಿಲ್ಲಿಸಿ, ತಲೆಗೆ ಕಾಪು ಕೊಡದೆ, ಹೊಡೆಸುತ್ತಿದ್ದ. "ತಲಿ ಗುಂಯ್ ಅಂತೈತ್ರಿ," ಎಂದು ಇಮ್ತಿಯಾಜ್ ಕೂತರೆ, "ಹೊಡತಾ ತಿಂದ ತಿಂದ ತಲಿ ಗಟ್ಟಿ ಆಕ್ಕೈತಿ, ಏಳು," ಎನ್ನುವ ಉತ್ತರ. ತಲೆ ಗಟ್ಟಿಯಾಗಲಿಲ್ಲ. ಇಮ್ತಿಯಾಜನೂ ರಾಜ್ಯ ಚಾಂಪಿಯನ್ ಆದ. ಆಮೇಲೆ ಅವನ ಕೈ ನಡುಗತೊಡಗಿತು. ಮಾತು ನಡುವೆಯೇ ಕಳೆದುಹೋಗತೊಡಗಿತು. ಅಖಾಡ ಬಿಟ್ಟು ಸೈಕಲ್ ರಿಪೇರಿ ಅಂಗಡಿ ಹಾಕಿದ.

ವಸ್ತಾದನಿಗೆ ಮಾತ್ರ ಮಾನ ಮರ್ಯಾದೆ ಏರುತ್ತಲೇ ಹೋಯಿತು. ಅಖಾಡಕ್ಕೆ ಹೊಸ ಕಟ್ಟಡ ಬಂತು. ನನ್ನನ್ನು ಗಾಜಿನ ಕಪಾಟಿನಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಅವನು ನನ್ನನ್ನು ತೋರಿಸುತ್ತಿದ್ದ. ಇಬ್ಬರು ಚಾಂಪಿಯನ್ನರ ಹೆಸರು ಹೇಳುತ್ತಿದ್ದ. ಅವರು ಈಗ ಹೇಗಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ನಾನು ಗಾಜಿನ ಹಿಂದೆ ಸಿಟ್ಟನ್ನು ಕಾಯಿಸುತ್ತ ಕೂತೆ. ಕೋಟಿಗೆ ಕೈಯಿಲ್ಲ, ತೋಳು ಮಾತ್ರ ಇವೆ. ಯಾರಾದರೂ ಬರಬೇಕಿತ್ತು.

ಬಂದವಳು ಚಂದ್ರಭಾಗಾ, ನಿಂಗರಾಜನ ಹೆಂಡತಿ. ಪ್ರಾಥಮಿಕ ಶಾಲೆಯ ಶಿಕ್ಷಕಿ. ಕಂಠ ಚೆನ್ನಾಗಿದ್ದುದರಿಂದ ಊರಿನ ಯಾವುದೇ ಸಮಾರಂಭವಿದ್ದರೂ ನಿರೂಪಣೆ ಅವಳದೇ. ವಸ್ತಾದನಿಗೆ ಎಪ್ಪತ್ತೈದು ತುಂಬಿದಾಗ ಊರಿನವರು ಸನ್ಮಾನ ಇಟ್ಟುಕೊಂಡರು. ಮೈಕು ಅವಳ ಕೈಗೇ ಬಂತು. ಅವಳು ಅಖಾಡಕ್ಕೆ ಬಂದು ಕೈಮುಗಿದಳು.

"ಆ ಕೋಟು ವೇದಿಕಿ ಮ್ಯಾಲ ಬೇಕ್ರಿ ವಸ್ತಾದ್ರ. ನಿಮ್ಮ ಸಾಧನಿ ಅಂದ್ರ ಅದs ಅಲ್ರಿ?"

ವಸ್ತಾದ ಉಬ್ಬಿಹೋದ. ತಾನೇ ಕಪಾಟು ತೆರೆದು ನನ್ನನ್ನು ಅವಳ ತೋಳಿಗೆ ಹಾಕಿದ.

ಅವಳ ಮನೆಯಲ್ಲಿ ನಾನು ನಿಂಗರಾಜನನ್ನು ಮತ್ತೆ ಕಂಡೆ. ಮುಖ ಊದಿಕೊಂಡಿತ್ತು, ಕಾಲು ಊದಿಕೊಂಡಿದ್ದವು. ಮೂತ್ರಪಿಂಡ ಕೆಟ್ಟು ಆಸ್ಪತ್ರೆಗೆ ಅಲೆಯುತ್ತಿದ್ದ. ಅವನು ಒಳಗೆ ಮಲಗಿದ ಮೇಲೆ ಚಂದ್ರಭಾಗಾ ಪಡಸಾಲೆಯಲ್ಲಿ ಇಮ್ತಿಯಾಜನನ್ನು ಕೂರಿಸಿಕೊಂಡು ದನಿ ತಗ್ಗಿಸಿ ಹೇಳಿದಳು.

"ಡಾಕ್ಟರು ಹಿಂದಿಂದೆಲ್ಲ ಕೇಳಿದ್ರು, ಭಾಯಿ. ಕಿಡ್ನಿ ಇದರಿಂದನs ಹೋತು ಅಂತ ಖಾತ್ರಿ ಹೇಳೂದಾಗಂಗಿಲ್ಲ ಅಂದ್ರು. ಆದ್ರ ಪುಣೆದಾಗ ಕೈ ಯಾಕ ಬಿದ್ವು ಅನ್ನೋದು ಖಾತ್ರಿ ಹೇಳಿದ್ರು. ಮೈಯಾಗ ನೀರs ಇಲ್ಲಂದ್ರ ಯಾರ ಕೈನೂ ಏಳಂಗಿಲ್ಲಂತ. ಇವರಿಗೆ ಹೇಳಿದೆ. ನಂಬವಲ್ರು. 'ಇಲ್ಲ, ನನಗ ಎದಿ ಇರಲಿಲ್ಲ' ಅಂತಾರ ಇನ್ನೂ."

ಇಮ್ತಿಯಾಜ್ ತುಸು ಹೊತ್ತು ಮಾತು ಹುಡುಕಿದ. "ಭಾಬಿ, ವಸ್ತಾದ ಹೇಳಿದ್ರ... ವಸ್ತಾದನs ಹೇಳಿದ್ರ ನಂಬತಾನ."

"ಹೇಳಸ್ತೀನಿ," ಎಂದಳು ಚಂದ್ರಭಾಗಾ. ಅವಳ ಮುಖ ಆಗ ಶಾಂತವಾಗಿತ್ತು. ನನ್ನೊಳಗೆ ಇಷ್ಟು ಕಾಲ ಕಾದದ್ದು ಅವಳೊಳಗೂ ಕಾದಿದೆ ಎಂದು ನನಗೆ ತಿಳಿಯಿತು.

ಸನ್ಮಾನ ಮೇ ತಿಂಗಳಲ್ಲಿ, ಶಾಲೆಯ ಮೈದಾನದಲ್ಲಿ, ತಗಡಿನ ಚಪ್ಪರದ ಕೆಳಗೆ. ಆಮಂತ್ರಣದಲ್ಲಿ ವೇಳೆ ಬೆಳಿಗ್ಗೆ ಎಂದು ಅಚ್ಚು ಹಾಕಿಸಿದ್ದರು. ಅತಿಥಿಗಳು ತಡವಾಗಿಯೇ ಬರುತ್ತಾರೆಂದು ಚಂದ್ರಭಾಗಾಳಿಗೆ ಗೊತ್ತಿತ್ತು. ಅವರು ಬಂದು ಕೂರುವಷ್ಟರಲ್ಲಿ ತಗಡು ಕಾದು ಕೆಂಡವಾಗಿತ್ತು. ಶಾಲು, ಹಾರ, ಫಲತಾಂಬೂಲ ಆದ ಮೇಲೆ ಅವಳು ಮೈಕಿನಲ್ಲಿ ಹೇಳಿದಳು: "ಚಾಂಪಿಯನ್ನರನ್ನು ತಯಾರು ಮಾಡಿದ ಕೋಟನ್ನು ಇಂದು ವಸ್ತಾದರೇ ಧರಿಸಿ ನಮ್ಮನ್ನು ಹರಸಬೇಕು. ತೊಡಿಸಲು ಅವರ ಶಿಷ್ಯ ಇಮ್ತಿಯಾಜ್ ವೇದಿಕೆಗೆ ಬರಬೇಕು."

ಚಪ್ಪಾಳೆ ಬಿತ್ತು. ವಸ್ತಾದ ನಕ್ಕು ತೋಳು ಚಾಚಿದ. ಇಮ್ತಿಯಾಜ್ ನಡುಗುವ ಬೆರಳುಗಳಿಂದ ಒಂದೊಂದೇ ಗುಂಡಿ ಹಾಕಿದ. ಬಹಳ ಹೊತ್ತು ಹಿಡಿಯಿತು. ಕೊನೆಯದನ್ನು ಗಂಟಲಿಗೆ ಬಿಗಿದು ಹಾಕಿದ.

ಕಡೆಗೂ ವಸ್ತಾದ ನನ್ನೊಳಗಿದ್ದ. ನಾನು ಎಲ್ಲ ಹೊಲಿಗೆಗಳನ್ನೂ ಬಿಗಿಹಿಡಿದೆ. ಗಾಳಿಯ ಒಂದು ಎಳೆಯನ್ನೂ ಒಳಗೆ ಬಿಡಲಿಲ್ಲ.

ಭಾಷಣಗಳು ಸುರುವಾದವು. ಎಲ್ಲರೂ ಅವನನ್ನು ಹೊಗಳಿದರು. ನಡುವೆ ಸೆಕೆಯೆಂದು ಯಾರೋ ನೀರಿನ ಬಾಟಲಿ ತಂದು ಅತಿಥಿಗಳ ಮುಂದೆ ಇಡುತ್ತ ಬಂದರು. ವಸ್ತಾದನ ಮುಂದಿನದನ್ನು ಚಂದ್ರಭಾಗಾ ನಗುನಗುತ್ತ ಎತ್ತಿಕೊಂಡಳು. "ವಸ್ತಾದ್ರಿಗೆ ನೀರ ಕೊಟ್ಟು ಅವಮಾನ ಮಾಡಬ್ಯಾಡ್ರಿ. ನೀರ ಕೇಳಾಂವ ಬಾಕ್ಸರ್ ಅಲ್ಲ ಅಂತ ಕಲಿಸಿದವರು ಇವರು." ಸಭೆ ಮತ್ತೆ ಚಪ್ಪಾಳೆ ತಟ್ಟಿತು. ವಸ್ತಾದನೂ ತಟ್ಟಿದ.

ಮುಂದಿನ ಭಾಷಣ ಮುಗಿಯುವಷ್ಟರಲ್ಲಿ ಅವನ ಬನಿಯನ್ನು ಹಿಂಡುವಂತಾಗಿತ್ತು. ಮತ್ತೊಂದರ ಹೊತ್ತಿಗೆ ನಾಲಿಗೆ ಅಂಗುಳಿಗೆ ಅಂಟಿತು. ಅವನು ಗಂಟಲಿನ ಗುಂಡಿಗೆ ಕೈ ಹಾಕಿದ. ಬೆರಳುಗಳಿಗೆ ಹಿಡಿತ ಸಿಗಲಿಲ್ಲ. ಅವನ ಎದೆ ದಿಕ್ಕೆಟ್ಟು ಬಡಿಯತೊಡಗಿತು. ಆ ಬಡಿತ ನನಗೆ ಹೊಸದಲ್ಲ. ಆದರೆ ಮೊದಲ ಬಾರಿ ಅದನ್ನು ಕೇಳಿ ನನಗೆ ಸುಖವಾಯಿತು.

ಅವನು ಚಂದ್ರಭಾಗಾಳ ಸೆರಗಿನ ಕಡೆ ಕೈ ಚಾಚಿದ. "ತಂಗಿ, ನೀರು."

ಅವಳು ಮೈಕನ್ನು ಅವನ ಬಾಯಿಯ ಹತ್ತಿರ ತಂದಳು. "ಏನಂದ್ರಿ? ಕೇಳಸಲಿಲ್ಲ."

"ನೀರು ಬೇಕು." ಅದು ಮೈದಾನಕ್ಕೆಲ್ಲ ಕೇಳಿಸಿತು. ಇಮ್ತಿಯಾಜ್ ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಪಕ್ಕ ನಿಂತಿದ್ದ.

"ಕೊಡ್ತೀನ್ರಿ, ಇಲ್ಲೇ ಐತಿ," ಎಂದಳು ಅವಳು. "ಒಂದs ಮಾತು ಹೇಳ್ರಿ. ಪುಣೆದಾಗ ನಮ್ಮನಿಯವರ ಕೈ ಕೆಳಗ ಬಿದ್ದದ್ದು ಹೆದರಿಕಿಗೋ, ನೀರಿಲ್ಲದ್ದಕ್ಕೋ? ಬಚ್ಚಲಾಗ ಹಾಕಿ ಬಾಗಲಾ ಹಾಕಿದವರು ನೀವು. ನಿಮಗs ಗೊತ್ತು."

ವಸ್ತಾದ ಸಭೆಯ ಕಡೆ ನೋಡಿದ. ಮುಂದಿನ ಸಾಲಿನಲ್ಲಿ ನಿಂಗರಾಜ ಎದ್ದು ನಿಂತಿದ್ದ. ಹೆಂಡತಿಯ ಈ ಹೂಟ ಅವನಿಗೆ ಮೊದಲು ಗೊತ್ತಿರಲಿಲ್ಲ. ಅತಿಥಿಯೊಬ್ಬರು "ಅಮ್ಮಾ, ಸಾಕು" ಎಂದರು. ಅವಳು ಆ ಕಡೆ ತಿರುಗಲಿಲ್ಲ.

"ನೀರಿಲ್ಲದ್ದಕ್ಕ," ಎಂದ ವಸ್ತಾದ. ಗಂಟಲು ಒಡೆದಿತ್ತು. "ಹೆದರಿಕಿ ಅಲ್ಲ. ಆಂವ ಹೆದರೂ ಪೈಕಿ ಅಲ್ಲ."

ನಿಂಗರಾಜ ಮೆಟ್ಟಿಲೇರಿ ಬಂದ. ಇಮ್ತಿಯಾಜನ ಕೈಯಿಂದ ತಂಬಿಗೆ ತೆಗೆದುಕೊಂಡ. ವಸ್ತಾದ ಎರಡೂ ಕೈ ಚಾಚಿದ. ನಿಂಗರಾಜ ಕೂಡಲೇ ಕೊಡಲಿಲ್ಲ. ಆ ಚಾಚಿದ ಕೈಗಳನ್ನು ನೋಡುತ್ತ ನಿಂತ. ಎಷ್ಟು ಹೊತ್ತೋ ನಾನು ಹೇಳಲಾರೆ. ಸಾಕಷ್ಟು ಹೊತ್ತು. ಆಮೇಲೆ ಕೊಟ್ಟು, "ಸಾವಕಾಶ ಕುಡೀರಿ. ಒಮ್ಮೆಲೆ ಕುಡದರ ಹೊಟ್ಟಿ ಹಿಡಿತೈತಿ," ಎಂದ. ಗುಂಡಿಗಳನ್ನು ಬಿಚ್ಚಿದವನೂ ಅವನೇ.

ಅವತ್ತು ಮನೆಗೆ ಹೋಗುವಾಗ ನಿಂಗರಾಜ ಊದಿದ ಕಾಲಿನಲ್ಲೇ ಆಟೋ ಬೇಡವೆಂದು ಪೇಟೆಯ ನಡುವೆ ನಡೆದುಕೊಂಡು ಹೋದ. ಚಹಾದಂಗಡಿಯ ಮುಂದೆ ನಿಂತು ಚಹಾ ಹೇಳಿದ. ಅಲ್ಲಿ ಕೂತಿದ್ದವರು ಎದ್ದು ಬೆಂಚು ಬಿಟ್ಟುಕೊಟ್ಟರಂತೆ. ಮುಂದಿನ ಚಳಿಗಾಲದಲ್ಲಿ ಅವನು ತೀರಿಕೊಂಡ. ತಾನು ಹೇಡಿಯೆಂದುಕೊಂಡು ತೀರಿಕೊಳ್ಳಲಿಲ್ಲ.

ವಸ್ತಾದ ಅಖಾಡಕ್ಕೆ ಮತ್ತೆ ಬರಲಿಲ್ಲ. ಅಲ್ಲಿ ಈಗ ಬೇರೆಯವನು ಕಲಿಸುತ್ತಾನೆ. ಬಾಗಿಲಲ್ಲೇ ನೀರಿನ ಡ್ರಮ್ಮು ಇಟ್ಟಿದ್ದಾನೆ, ಪ್ರತಿಯೊಬ್ಬನನ್ನೂ ಅವನವನ ತೂಕದಲ್ಲೇ ಆಡಿಸುತ್ತಾನೆ ಎಂದು ಕೇಳಿದ್ದೇನೆ. ವಸ್ತಾದ ಸತ್ತಾಗ ಊರು ಅವನನ್ನು ಮತ್ತೆ ಹೊಗಳಿತು. ಸತ್ತವರನ್ನು ಹೊಗಳುವುದು ಮನುಷ್ಯರ ರೂಢಿ. ಕೋಟುಗಳಿಗೆ ಆ ರೂಢಿ ಇಲ್ಲ.

ನಾನೀಗ ಇಮ್ತಿಯಾಜನ ಸೈಕಲ್ ಅಂಗಡಿಯಲ್ಲಿದ್ದೇನೆ; ಸನ್ಮಾನದ ದಿನ ವೇದಿಕೆಯಿಂದ ನನ್ನನ್ನು ಎತ್ತಿಕೊಂಡು ಬಂದವನು ಅವನೇ. ಗಾಳಿ ಹೊಡೆಯುವ ಯಂತ್ರದ ಮೇಲೆ ಹೊದಿಕೆಯಾಗಿ ಬಿದ್ದುಕೊಂಡಿರುತ್ತೇನೆ. ರಬ್ಬರು ಸಿಪ್ಪೆಯೇಳುತ್ತಿದೆ, ಕಾಲರು ಬೆಳ್ಳಗಾಗಿದೆ. ಮುದುಕನನ್ನು ಹಾಗೆ ಬೇಯಿಸಿದ್ದು ತಪ್ಪಲ್ಲವೇ ಎಂದು ಅಂಗಡಿಗೆ ಬಂದವರು ಕೆಲವೊಮ್ಮೆ ಇಮ್ತಿಯಾಜನನ್ನು ಕೇಳುತ್ತಾರೆ. ಅವನು ನಡುಗುವ ಕೈಯನ್ನು ಅವರ ಮುಂದೆ ಚಾಚಿ ತೋರಿಸುತ್ತಾನೆ. ಆಮೇಲೆ ಅವರು ಪಂಕ್ಚರಿನ ಮಾತಾಡುತ್ತಾರೆ.

ಕಳೆದ ವಾರ ವಸ್ತಾದನ ಅಳಿಯ ಬಂದಿದ್ದ. ಅಖಾಡದಲ್ಲಿ ಮಾವನ ದೊಡ್ಡ ಫೋಟೋ ಹಾಕಿಸುತ್ತಾನಂತೆ. ಅದರ ಕೆಳಗೆ ತೂಗುಹಾಕಲು ನಾನು ಬೇಕಂತೆ.

"ಹರದ ಹೋತು," ಎಂದ ಇಮ್ತಿಯಾಜ್, ನನ್ನ ಮೇಲೆಯೇ ಕೈ ಊರಿಕೊಂಡು.

ಅಳಿಯ ಹೋದ. ನಾನು ಹರಿದಿಲ್ಲ. ಒಂದು ಹೊಲಿಗೆಯೂ ಬಿಟ್ಟಿಲ್ಲ. ಆ ಫೋಟೋದ ಕೆಳಗೆ ಮಾತ್ರ ನಾನು ತೂಗುವುದಿಲ್ಲ.